ಮಜ್ಜಿಗೆ ಬರುವ ತನಕ

ನಮ್ಮ ಮಾವನಿಗೆ ಕೂರಲು ಬರುವುದಿಲ್ಲ.

ತಪ್ಪು ತಿಳಿಯಬೇಡಿ, ಮೂಲವ್ಯಾಧಿಯಲ್ಲ! ಬಸ್ಸಿನಲ್ಲಿ ಕೂರುತ್ತಾರೆ, ಪೂಜೆಗೆ ಕೂರುತ್ತಾರೆ, ಕ್ಷೌರಕ್ಕೂ ಕೂರುತ್ತಾರೆ. ಊಟ ಎದುರಿಗೆ ಬಂತೋ, ಮುಗಿಯಿತು. ಕುರ್ಚಿಯ ಅಡಿಯಲ್ಲಿ ಯಾರೋ ಒಲೆ ಹೊತ್ತಿಸಿದ ಹಾಗೆ ಎದ್ದು ನಿಲ್ಲುತ್ತಾರೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಹುಟ್ಟಿದ್ದು ಗಂಗೊಳ್ಳಿಯಲ್ಲಿ, ಕೆಲಸ ಕಲಿತದ್ದು ಹಾಲಾಡಿ ಪೇಟೆಯ ಹೋಟೆಲಿನಲ್ಲಿ, ಕೈ ಪಳಗಿದ್ದು ಮುಂಬಯಿಯಲ್ಲಿ. ಈಗ ಬ್ಯಾಂಕಾಕಿನಲ್ಲಿ ಊರಿನ ಕಡೆಯವರದೇ ಒಂದು ಹೋಟೆಲಿನ ಅಡುಗೆಮನೆಗೆ ಯಜಮಾನ. ಮೂವತ್ತು ವರ್ಷದಿಂದ ಅವರ ಊಟ ಹೀಗೆ: ಎಡಗೈಯಲ್ಲಿ ಬಟ್ಟಲು, ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ. ಸಮಯ ನಾಲ್ಕು ನಿಮಿಷ. ಹೋಟೆಲಿನ ಅಡುಗೆಮನೆಯಲ್ಲಿ ಕೂತು ಉಣ್ಣುವಷ್ಟು ಪುರುಸೊತ್ತು ಯಾರಿಗಿದೆ ಹೇಳಿ? ಆದರೆ ನಾಲ್ಕು ನಿಮಿಷ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಹನ್ನೊಂದು ಸಲ ಅಳೆದಿದ್ದೇನೆ!

ಬ್ರಹ್ಮಾವರದಲ್ಲಿ ನಮ್ಮ ಅಕ್ಕನ ಮದುವೆ ಆಯಿತಲ್ಲ, ಅಲ್ಲಿ ಮಾವ ಮದುಮಗಳ ಸೋದರಮಾವ. ರೇಷ್ಮೆ ಪಂಚೆ, ಶಲ್ಯ, ಕೈಗೆ ಉಂಗುರ. ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಸಾರಿನ ಬಾಲ್ದಿ ಹಿಡಿದವನು ಮೂರು ಎಲೆಗೆ ಬಡಿಸುವಷ್ಟರಲ್ಲಿ ಎರಡು ಸಲ ಚೆಲ್ಲಿದ. ಮಾವನಿಗೆ ತಡೆಯಲಾಗಲಿಲ್ಲ.

"ಹ್ವಾಯ್, ಸೌಟು ಹಾಂಗ್ ಹಿಡುದಾ? ಕೊಡ್ ಇಲ್ಲ್!"

ಅಷ್ಟೇ. ಶಲ್ಯ ಸೊಂಟಕ್ಕೆ ಬಂತು, ಬಾಲ್ದಿ ಕೈಗೆ ಬಂತು. ಸಾರು, ಹುಳಿ, ಪಾಯಸ, ಎರಡನೇ ಪಂಕ್ತಿ, ಮೂರನೇ ಪಂಕ್ತಿ! ಫೋಟೋ ತೆಗೆಯುವವನು ಮದುಮಗಳ ಸೋದರಮಾವನನ್ನು ಮಂಟಪದಲ್ಲೆಲ್ಲ ಹುಡುಕುತ್ತಿದ್ದಾಗ ಸೋದರಮಾವ ಉಗ್ರಾಣದ ಬಾಗಿಲಲ್ಲಿ ನಿಂತು ಅನ್ನ ಕಲಸುತ್ತಿದ್ದರು. ವಾರ ಕಳೆದ ಮೇಲೆ ಗಂಡಿನ ಕಡೆಯವರಿಂದ ಫೋನು. "ನಿಮ್ಮಲ್ಲಿ ಬಡ್ಸುಕೆ ಬಂದವ್ರ್ ಬಾರೀ ಚುರುಕ್ ಮಾರ್ರೆ, ನಮ್ಮ ಮನಿ ಉಪನಯನಕ್ಕೂ ಸಿಕ್ತ್ರಾ?"

ಆ ಮದುವೆಗೆ ಬಂದ ಮಾವನೇ ನನ್ನನ್ನು ಬ್ಯಾಂಕಾಕಿಗೆ ಕರೆದುಕೊಂಡು ಹೋದದ್ದು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದದ್ದಕ್ಕೆ ಬಹುಮಾನ. ಎಷ್ಟು ಅಂಕ ಎಂದು ಕೇಳಬೇಡಿ, ಕೇಳಿದರೆ ಹೇಳಿಬಿಡುತ್ತೇನೆ. ವಿಮಾನದಲ್ಲಿ ಊಟ ಮುಗಿಯಿತು. ಗಗನಸಖಿ ತಟ್ಟೆ ತೆಗೆಯಲು ಬರುವ ಮೊದಲೇ ಮಾವ ನಮ್ಮ ಸಾಲಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಆಗಿತ್ತು. ಆಮೇಲೆ ಮುಂದಿನ ಸಾಲು. ಆಮೇಲೆ ಅದರ ಮುಂದಿನದು. ಯಾರೋ ಕಾಫಿ ಕೇಳಿದರು. "ಸಕ್ರಿ ಎಷ್ಟ್?" ಎಂದು ಇವರು ವಿಚಾರಿಸಿದರು! ಇಳಿಯುವಾಗ ಗಗನಸಖಿಯರು ಬಾಗಿಲಲ್ಲಿ ಸಾಲಾಗಿ ನಿಂತು ಪ್ರಯಾಣಿಕರಿಗೆಲ್ಲ ಕೈಮುಗಿಯುತ್ತಿದ್ದರು. ಮಾವ ಆ ಸಾಲಿನ ಕೊನೆಗೆ ನಿಂತು ತಾವೂ ಕೈಮುಗಿದರು. ನಾನು ಅವರ ಸಂಬಂಧಿಯೇ ಅಲ್ಲ ಎನ್ನುವಂತೆ ಮುಂದೆ ನಡೆದೆ.

ಬ್ಯಾಂಕಾಕಿನ ಮನೆಯಲ್ಲಿ ಅತ್ತೆ ಇದ್ದಾರೆ. ಊಟದ ಮೇಜಿದೆ, ಎರಡು ಕುರ್ಚಿಗಳಿವೆ. ಒಂದು ಕುರ್ಚಿಗೆ ಕೂತು ಕೂತು ಹೊಳಪು ಬಂದಿದೆ. ಇನ್ನೊಂದಕ್ಕೆ ಅಂಗಡಿಯವನು ಸುತ್ತಿದ ಪ್ಲಾಸ್ಟಿಕ್ಕು ಹಾಗೆಯೇ ಇದೆ. ಆ ಇನ್ನೊಂದು ಯಾರದ್ದೆಂದು ಬಿಡಿಸಿ ಹೇಳಬೇಕೇ?

ನಾನು ಹೋದ ವಾರದಲ್ಲೇ ಅವರ ಮದುವೆಗೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಮಾವ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ದೋಸೆ ಮುರಿಯುತ್ತಾ, "ಎಂತ ಬೇಕ್ ಹೇಳ್ ಮಾರಾಯ್ತಿ. ಬಳಿಯಾ, ಸೀರಿಯಾ?" ಎಂದು ಧಾರಾಳವಾಗಿ ಕೇಳಿದರು.

ಅತ್ತೆ ಮೇಜಿನಿಂದಲೇ ಹೇಳಿದರು. "ಬಳಿಯೂ ಬ್ಯಾಡ, ಸೀರಿಯೂ ಬ್ಯಾಡ. ನೀವ್ ನನ್ನೆದ್ರ್ ಕೂಕಂಡ್ ಒಂದ್ ಹೊತ್ತ್ ಪೂರಾ ಉಣ್ಕ್. ನಡೂಗೆ ಏಳುಕಾಗ."

"ಅಷ್ಟೇಯಾ!"

"ಎದ್ರೆ ಈ ಹೆಣ್ಣಿನ ಜೊತಿ ನಾನೂ ಊರಿಗ್ ಹೋತೆ. ನಿಮ್ಮ ಅಬ್ಬಿ ಜೊತಿ ಕೂಕಂಡ್ ಉಂತೆ. ಅಲ್ಲಾರೂ ಎದ್ರಿಗೆ ಒಂದ್ ಮುಖ ಇರತ್ತ್. ಇಪ್ಪತ್ತ್ ವರ್ಷ ಗೋಡಿ ಕಂಡ್ಕಂಡ್ ಉಂಡದ್ದ್ ಸಾಕ್."

ಅಬ್ಬಿ ಎಂದರೆ ಮಾವನ ಅಮ್ಮ, ನನ್ನ ಅಜ್ಜಿ. ಅತ್ತೆ ನಗುತ್ತಲೇ ಹೇಳಿದರು. ಆದರೆ ನನ್ನ ವಾಪಸು ಟಿಕೆಟನ್ನು ಡ್ರಾಯರಿನಿಂದ ತೆಗೆದು, ದಿನಾಂಕ ನೋಡಿ, ಮತ್ತೆ ಒಳಗಿಟ್ಟರು. ಮಾವನ ದೋಸೆ ಬಾಯಿಯ ಹತ್ತಿರ ನಿಂತುಬಿಟ್ಟಿತು.

ಹೋಟೆಲು ಆರಿಸಿದ್ದೂ ಅತ್ತೆಯೇ. ಊರಿನವರ ಹೋಟೆಲಾದರೆ ಮಾವ ಸೀದಾ ಒಲೆಯ ಬುಡಕ್ಕೆ ಹೋಗುತ್ತಾರೆ. ಥಾಯ್ ಹೋಟೆಲಾದರೆ ಅರ್ಧ ಅಡುಗೆಯವರು ಇವರ ದೋಸ್ತರು. ಇಡೀ ಬ್ಯಾಂಕಾಕಿನಲ್ಲಿ ಮಾವನ ಗುರುತು ಯಾರಿಗೂ ಇಲ್ಲದ ಅಡುಗೆಮನೆ ಎಂದರೆ ಒಂದು ಫ್ರೆಂಚ್ ಹೋಟೆಲು ಮಾತ್ರ! ಭಾನುವಾರ ಮಧ್ಯಾಹ್ನಕ್ಕೆ ಮೇಜು ಕಾದಿರಿಸಿದರು. ತೀರ್ಪುಗಾರಳು ನಾನು. ಸ್ಟಾಪ್‌ವಾಚು ಇತ್ತಲ್ಲ!

ಹೋಟೆಲೋ, ದೇವಲೋಕ. ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರಿಗೆ ಮೂರು ಮೂರು ಮುಳ್ಳುಚಮಚ. ಕಪ್ಪು ಕೋಟಿನ ವೇಟರ್ ಬಂದು ಮಾವನಿಗೆ ಕುರ್ಚಿ ಎಳೆದುಕೊಟ್ಟ. ಮಾವ ಗಾಬರಿಯಾಗಿ ಆ ಕುರ್ಚಿಯನ್ನು ಅವನಿಗೇ ತೋರಿಸಿ, "ನೀನ್ ಕೂಕೋ ಮಾರಾಯ, ಬೆಳಿಗ್ಗಿಂದ ನಿಂತ್ಕಂಡಿದ್ಯಲೆ" ಎಂದರು. ಕನ್ನಡದಲ್ಲಿ! ಅವನಿಗೆ ಅರ್ಥವಾಗಲಿಲ್ಲ, ಪುಣ್ಯ. ಅತ್ತೆ ಒಂದು ಸಲ ನೋಡಿದರು. ಮಾವ ಕೂತರು. ನಾನು ಗುಂಡಿ ಒತ್ತಿದೆ.

ಮೆನು ಫ್ರೆಂಚಿನಲ್ಲೂ ಥಾಯ್ ಲಿಪಿಯಲ್ಲೂ ಇತ್ತು. ಮಾವ ಥಾಯ್ ಮಾತಿನಲ್ಲಿ ಹುಲಿ, ಅಕ್ಷರದಲ್ಲಿ ಸೊನ್ನೆ. ಅತ್ತೆ ಮಾತ್ರ ತರಕಾರಿ ಮಾರ್ಕೆಟಿನ ಬೋರ್ಡುಗಳನ್ನು ಓದಿ ಓದಿ ಥಾಯ್ ರೂಢಿ ಮಾಡಿಕೊಂಡವರು. ಬೆರಳಿಟ್ಟು ಓದಿ, ಬೇಕಾದ್ದನ್ನು ವೇಟರ್‌ಗೆ ಪಟಪಟನೆ ಹೇಳಿದರು. ಹೆಂಡತಿಗೆ ಈ ಲಿಪಿ ಬರುತ್ತದೆಂದು ಮಾವನಿಗೆ ಅಂದೇ ಗೊತ್ತಾದದ್ದು! ಬಾಯಿ ತೆರೆದೇ ಕೂತಿದ್ದರು.

"ಹೆಣೆ, ಈ ವಸ್ತ್ರ ಎಂತಕ್?" ಎಂದು ಮಡಚಿಟ್ಟ ಕರವಸ್ತ್ರ ಎತ್ತಿ ನನ್ನನ್ನು ಕೇಳಿದರು. ನಮ್ಮ ಕಡೆ ಹುಡುಗಿಯರನ್ನು ಕರೆಯುವುದೇ 'ಹೆಣೆ' ಎಂದು.

ಮಡಿಲಿಗೆ ಹಾಸಿಕೊಳ್ಳಲು ಎಂದು ನನಗೆ ಗೊತ್ತಿತ್ತು. ಆದರೆ ಸತ್ಯ ಹೇಳಲೇಬೇಕೆಂಬ ನಿಯಮ ಎಲ್ಲಿದೆ? "ತೊಡೆಯನ್ನ ಕುರ್ಚಿಗೆ ಕಟ್ಟಿಕೊಳ್ಳೂದಕ್ಕೆ ಮಾವ. ಏಳದ ಹಾಗೆ" ಎಂದೆ. ಮಾವ ಅತ್ತೆಗೆ ಕಾಣದಂತೆ ಬಗ್ಗಿ, ಅಕ್ಕಿ ಚೀಲಕ್ಕೆ ಹಾಕುವಂಥ ಗಂಟು ಹಾಕಿಕೊಂಡರು. ದೊಡ್ಡ ವಸ್ತ್ರ, ಸಣಕಲು ತೊಡೆ, ಚೆನ್ನಾಗಿ ಎಟಕಿತು.

ನಾಲ್ಕನೇ ನಿಮಿಷಕ್ಕೆ ಮೊದಲ ಗಂಡಾಂತರ. ಪಕ್ಕದ ಮೇಜಿನ ಬಿಳಿಯ ಅಜ್ಜನ ಗ್ಲಾಸು ಖಾಲಿ! ಮಾವನ ಕೈ ತಾನಾಗಿಯೇ ನೀರಿನ ಜಗ್ಗಿನತ್ತ ಹೋಯಿತು. ಅತ್ತೆ ಕೆಮ್ಮಿದರು. ಕೈ ಹಿಂದೆ ಬಂತು. ಹತ್ತನೇ ನಿಮಿಷಕ್ಕೆ ಈರುಳ್ಳಿ ಸೂಪು. ಇಪ್ಪತ್ತಕ್ಕೆ ಎಲ್ಲೋ ಒಂದು ಚಮಚ ಬಿತ್ತು. ಮಾವ ಅರ್ಧ ಎದ್ದರು, ಜೊತೆಗೆ ಕುರ್ಚಿಯೂ ಅರ್ಧ ಎದ್ದಿತು! ಎದ್ದಂತೆ ಲೆಕ್ಕವೋ ಅಲ್ಲವೋ? ಕುರ್ಚಿಗೂ ಅವರಿಗೂ ಸಂಬಂಧ ಕಡಿದಿಲ್ಲವಾದ್ದರಿಂದ ಅಲ್ಲ ಎಂದು ನಾನು ತೀರ್ಪು ಕೊಟ್ಟೆ.

ಒಬ್ಬ ವೇಟರ್ ಒಂದೇ ಕೈಯಲ್ಲಿ ಮೂರು ತಟ್ಟೆ ಹಿಡಿದು ಹೋದ.

"ಮೂರೇಯಾ! ನಾನ್ ಹಾಲಾಡಿ ಹೋಟ್ಲಂಗೆ ಎಂಟ್ ಹಿಡಿತಿದ್ದೆ" ಎಂದು ಮಾವ ಪಿಸುಗುಟ್ಟಿದರು.

"ಸುಮ್ನೆ ಉಣ್ಣಿ" ಎಂದರು ಅತ್ತೆ.

ಆಮೇಲೆ ಮೀನು ಬಂತು. ಬಾವಿಯ ಮುಚ್ಚಳದಷ್ಟು ದೊಡ್ಡ ತಟ್ಟೆ, ನಡುವೆ ಬೆಂಕಿಪೊಟ್ಟಣದಷ್ಟು ಮೀನು, ಸುತ್ತ ಬಿಳಿ ಬೆಣ್ಣೆಯ ರಸ. ಮಾವ ತಟ್ಟೆಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿದರು.

"ಹ್ವಾಯ್, ಇದ್ರ್ ಉಳ್ದದ್ದ್ ಎಲ್ಲ್ ಹೋಯ್ತ್? ಗಂಗೊಳ್ಳಿ ಬೆಕ್ಕ್ ಕಂಡ್ರೆ ಅಳತ್ತ್!"

ಅತ್ತೆ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ಮಾವ ಆ ನಗುವನ್ನು ನೋಡಿದರು. ಸುಮ್ಮನೆ ನೋಡಿದ್ದಲ್ಲ, ಪಾಕ ಎಳೆ ಬಂತೋ ಎಂದು ನೋಡುವ ಹಾಗೆ ಕಣ್ಣು ಕೀಲಿಸಿ ನೋಡಿದರು.

ಅಷ್ಟರಲ್ಲಿ ಧಡಾರ್! ನಮ್ಮ ಹಿಂದೆಯೇ ಒಬ್ಬನ ಕೈಯಿಂದ ತಟ್ಟೆಗಳ ರಾಶಿ ಜಾರಿತು. ಹೋಟೆಲಿಗೆ ಹೋಟೆಲೇ ಎದ್ದು ನಿಂತು ನೋಡಿತು, ಪಕ್ಕದ ಅಜ್ಜನೂ ಸೇರಿ. ನಾನೂ ಎದ್ದೆ. ಕೂತೇ ಇದ್ದದ್ದು ಒಬ್ಬರೇ! ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಮೇಜು ಹಿಡಿದು, ಹೆರಿಗೆ ನೋವಿನವರ ಹಾಗೆ ಉಸಿರು ಬಿಡುತ್ತಾ ನಮ್ಮ ಮಾವ.

ಕೊನೆಗೆ ಕ್ಯಾರಮೆಲ್ ಪುಡ್ಡಿಂಗ್ ಬಂತು, ಹೋಯಿತು. ಒಂದು ಗಂಟೆ ಹತ್ತು ನಿಮಿಷ. ಮಾವ ಗೆದ್ದರು! ನಾನು ಮೊಬೈಲು ಎತ್ತಿ ತೋರಿಸಿ, "ಮುಗೀತು ಮಾವ, ಇನ್ನು ಏಳಬಹುದು" ಎಂದೆ.

"ಮುಗ್ದದ್ ಹ್ಯಾಂಗೆ? ಮಜ್ಜಿಗಿ ಬರ್ಲಿಲ್ಲ!"

ನಿಜವೇ. ನಮ್ಮ ಕಡೆ ಪಾಯಸ ಆದ ಮೇಲೆ ಅನ್ನ ಬರಬೇಕು, ಅನ್ನಕ್ಕೆ ಮಜ್ಜಿಗೆ ಬರಬೇಕು. ಅದು ಬಾರದೆ ಪಂಕ್ತಿಯಿಂದ ಏಳುವವರು ಯಾರಿದ್ದಾರೆ? ಮಾವ ಕೂತೇ ಇದ್ದರು. ಇನ್ನು ಫ್ರೆಂಚರ ಪದ್ಧತಿಯೋ, ಗಿರಾಕಿ ಕೇಳದೆ ಬಿಲ್ಲು ತರುವುದಿಲ್ಲ, ತಂದರೆ ಅವಮಾನವಂತೆ. ವೇಟರ್‌ಗಳು ಇವರು ಬಿಲ್ಲು ಕೇಳಲಿ ಎಂದು ಕಾದರು, ಇವರು ಅವರು ಮಜ್ಜಿಗೆ ತರಲಿ ಎಂದು ಕಾದರು. ನಮ್ಮೂರಾಗಿದ್ದರೆ ಅಷ್ಟರಲ್ಲಿ ಮೇಜು ಒರೆಸಿ, ಮುಂದಿನ ಗಿರಾಕಿ ನಮ್ಮ ಬೆನ್ನಿಗೆ ಬಂದು ನಿಂತು, ಆತನ ಹೊಟ್ಟೆ ನಮ್ಮ ಕುತ್ತಿಗೆಗೆ ತಾಗುತ್ತಿತ್ತು!

ಎದುರಿಗೆ ತಟ್ಟೆ ಇಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಅತ್ತೆ ಮಾತಿಗೆ ಶುರು ಮಾಡಿದರು. ಮಾರ್ಕೆಟಿನ ಮುದುಕಿಯೊಬ್ಬಳು ಇವರಿಗೆ ಅಕ್ಷರ ಕಲಿಸಿದ್ದು. ಬಂದ ಹೊಸತರಲ್ಲಿ ದಾರಿ ತಪ್ಪಿ ಇಡೀ ಮಧ್ಯಾಹ್ನ ಬಸ್ಸಿನಲ್ಲೇ ಸುತ್ತಿದ್ದು. ಒಂದು ಸಲ ಜ್ವರ ಬಂದು ಮೂರು ದಿನ ಮಲಗಿದ್ದು, ಹೋಟೆಲಿನಲ್ಲಿ ಗಡಿಬಿಡಿ ಎಂದು ಹೇಳದೇ ಇದ್ದದ್ದು.

"ಹೌದಾ! ನಂಗೆ ಹೇಳ್ಲೇ ಇಲ್ಲ?"

"ಯಾವಾಗ ಹೇಳುದ್? ನೀವ್ ಕೂಕಂಡ್ರೆ ಅಲ್ದಾ!"

ಒಬ್ಬ ವೇಟರ್ ಬಂದು ಕಾಫಿ ಬೇಕೇ ಎಂದು ಕೇಳಿದ. ಮಾವ ಬೇಡವೆಂದರು. ಪಕ್ಕದ ಅಜ್ಜ ಹೋದ. ಎಲ್ಲ ಮೇಜುಗಳ ಬಟ್ಟೆ ಬದಲಾಯಿತು, ನಮ್ಮದೊಂದು ಬಿಟ್ಟು. ನನ್ನ ಮೊಬೈಲಿನ ಬ್ಯಾಟರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಪ್ರಾಣ ಬಿಟ್ಟಿತು.

ಕೊನೆಗೆ ಅತ್ತೆಯೇ, "ಹ್ವಾಯ್, ಇಲ್ಲ್ ಮಜ್ಜಿಗಿ ಬತ್ತಿಲ್ಲ. ಏಳಿನಿ ಇನ್ನ್" ಎಂದು ಬಿಲ್ಲು ತರಿಸಿ, ಕೈ ತೊಳೆಯಲು ಹೋದರು. ನಾನು ಮಾವನ ಗಂಟು ಬಿಡಿಸೋಣವೆಂದು ಮೇಜಿನಡಿಗೆ ಬಗ್ಗಿದೆ.

ಗಂಟು ಇರಲೇ ಇಲ್ಲ! ಕರವಸ್ತ್ರ ನಾಲ್ಕು ಮಡಿಕೆಯಾಗಿ ಮಡಿಲಲ್ಲಿ ನೀಟಾಗಿ ಕೂತಿತ್ತು.

"ಮಾವ! ಯಾವಾಗ ಬಿಚ್ಚಿದ್ದು?"

"ಅದಾ? ಮೀನ್ ತಿಂಬ ಹೊತ್ತಿಗೇ ಬಿಚ್ದೆ."

"ಮತ್ತೆ ಮಜ್ಜಿಗೆ ಮಜ್ಜಿಗೆ ಅಂತ ಕೂತದ್ದು?"

ಮಾವ ಅತ್ತೆ ಹೋದ ದಿಕ್ಕನ್ನು ಒಮ್ಮೆ ನೋಡಿ ದನಿ ತಗ್ಗಿಸಿದರು. "ಹೆಣೆ, ಮೂವತ್ತ್ ವರ್ಷ ಹೋಟ್ಲಂಗೆ ಇಪ್ಪವನಿಗೆ ಫ್ರೆಂಚಿನವ್ರ್ ಮಜ್ಜಿಗಿ ಬಡ್ಸುದಿಲ್ಲ ಅಂದೇಳಿ ಗೊತ್ತಿಲ್ಯಾ? ಅವ್ಳ್ ಮಾತಾಡ್ತಾ ಇತ್ತಲೆ..." ಎಂದವರು ಅಲ್ಲಿಗೇ ನಿಲ್ಲಿಸಿ, "ನೀನ್ ಹೇಳುಕೆ ಹೋಯ್ಬೇಡ, ಅಕಾ?" ಎಂದರು.

ನನ್ನಂಥ ಬಾಯಿಬಡುಕಿಗೆ ಇದು ಎಂಥ ಶಿಕ್ಷೆ, ನೀವೇ ಹೇಳಿ! ಆದರೂ ಹೇಳಲಿಲ್ಲ. ಆಮೇಲೆ ಟಿಕೆಟಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಕಣ್ಣುಜ್ಜಿಕೊಂಡು ಅಡುಗೆಮನೆಗೆ ಬಂದೆ. ಎರಡೂ ಕುರ್ಚಿಗಳು ಖಾಲಿ. ಮಾವ ಎಂದಿನಂತೆ ಕಟ್ಟೆಗೆ ಒರಗಿ, ಎಡಗೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ, ಅವರ ಹಾಗೆಯೇ ಕಟ್ಟೆಗೆ ಒರಗಿ, ಎಡಗೈಯಲ್ಲಿ ಬಟ್ಟಲು ಹಿಡಿದು, ಅತ್ತೆ ನಿಂತಿದ್ದರು.