ಹೊರಗೆ ಕೀಲಿ, ಒಳಗೆ ಕಾಕಾ

ನಿಪ್ಪಾಣಿಯಲ್ಲಿ ಮನೆಯಿಂದ ಹೊರಟು ಮನೆಗೇ ನೌಕರಿಗೆ ಹೋಗುವವರು ಒಬ್ಬರೇ ಇದ್ದಾರೆ, ಅವರು ನಮ್ಮ ಕಾಕಾ!

ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು, ಪುಣೆಯ ಒಂದು ಕಂಪನಿಯ ಔಷಧದ ಚೀಟಿಗಳನ್ನು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವುದು ಅವರ ಕೆಲಸ. ಲಗ್ನ ಆಗಿಲ್ಲ, ಸಾಹೇಬರು ಎದುರಿಗಿಲ್ಲ. ಲುಂಗಿ ಉಟ್ಟು ಕೂತರೆ ಬೇಡ ಅನ್ನುವವರು ಯಾರು? ಆದರೆ ಕಾಕಾ ಕೇಳಬೇಕಲ್ಲ! ಬೆಳಿಗ್ಗೆ ಇಸ್ತ್ರಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಮುಂಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿ, ಜಗ್ಗಿ ನೋಡಿ, ಓಣಿಯ ಮಂದಿಗೆಲ್ಲ "ಡ್ಯೂಟಿಗೆ ಹೊಂಟೇನ್ರಿ" ಎಂದು ಹೇಳಿ, ಬಸ್ ಸ್ಟ್ಯಾಂಡ್ ತನಕ ನಡೆದು, ಹಿಂದಿನ ಸಂದಿಯಿಂದ ಬಂದು ಹಿತ್ತಲ ಬಾಗಿಲಲ್ಲಿ ಒಳಗೆ! ಸಂಜೆ ಮತ್ತೆ ಇದೇ ಸವಾರಿ, ಉಲ್ಟಾ.

"ಯಾಕ ಕಾಕಾ ಈ ನಾಟಕ?"

"ನೌಕರಿ ಮಾಡೋ ಮನಷ್ಯಾ ನಾಕ ಮಂದಿ ಕಣ್ಣಿಗೆ ಬೀಳಬೇಕಲೇ. ಇಲ್ಲಾಂದ್ರ ಕೆಲಸಿಲ್ಲದಾವ ಅಂತಾರ!"

ಕಣ್ಣಿಗೇನೋ ಬಿದ್ದರು. ಆದರೆ ಹಗಲೆಲ್ಲ ಕೀಲಿ ಹಾಕಿದ ಮನೆಯ ಬಾಗಿಲನ್ನು ಯಾರು ಬಡಿಯುತ್ತಾರೆ? ಗ್ಯಾಸಿನವನು ಸಿಲಿಂಡರ್ ವಾಪಸ್ ಒಯ್ದ. ಸಂಕ್ರಾಂತಿಯ ಎಳ್ಳು ಬೆಲ್ಲ ಪಕ್ಕದ ಮನೆಗೆ ಹೋಯಿತು. ಎದುರುಮನೆಯ ಭಾಭಿ ಈದ್ ದಿನ ಶೀರಖುರ್ಮಾ ಪಾಯಸ ಹಿಡಿದು ಬಂದವರು ಕೀಲಿ ನೋಡಿ, "ಪಾಪ, ಹಬ್ಬದಾಗೂ ಡ್ಯೂಟಿ" ಎಂದು ತಿರುಗಿ ಹೋದರು. ಕಾಕಾ ಕಿಡಕಿಯ ಸಂದಿಯಿಂದ ನೋಡುತ್ತಲೇ ಇದ್ದರಂತೆ!

"ಕರೀಬಾರದೇನ್ರಿ?" ಎಂದೆ.

"ಡ್ಯೂಟಿ ಮ್ಯಾಲ ಇದ್ದೆ!" ಎಂದು ಗದರಿಸಿದರು. ಆಮೇಲೆ ಮೆಲ್ಲಗೆ, "ವಾಸನಿ ಮಾತ್ರ ಒಳಗ ಬಂದಿತ್ತ ನೋಡು" ಎಂದರು.

ಒಂದು ದಿನ ನಾನು ಚಿಕ್ಕೋಡಿಯಿಂದ ಅವರ ಮನೆಗೆ ಹೋಗಿದ್ದಾಗ ಕಂಪನಿಯ ಹುಡುಗಿಯೊಬ್ಬಳ ಫೋನ್ ಬಂತು. ಮನೆಯಿಂದ ಕೆಲಸ ಮಾಡುವವರಿಗೆ ತಮ್ಮ ಮನೆ, ಓಣಿ ಎಷ್ಟು ಸಮಾಧಾನ ಕೊಟ್ಟಿವೆ ಎಂಬ ಸರ್ವೇ.

"ಮನಿಗೆ ಹತ್ತಕ್ಕ ಎಷ್ಟ ಮಾರ್ಕ್ಸ್ ಕೊಡ್ತೀರಿ ಸರ್?"

"ಹತ್ತೂ ಕೊಟ್ಟೆ!"

"ಆಜೂಬಾಜೂ ಮಂದಿಗೆ?"

"ಹನ್ನೊಂದ ಬರ್ಕೊಳ್ರಿ! ಒಬ್ಬರೂ ತ್ರಾಸ ಕೊಡೂದಿಲ್ಲ."

"ಹೋದ ತಿಂಗಳ ಓಣ್ಯಾಗಿನವರು ಯಾರರೆ ನಿಮ್ಮನಿಗೆ ಬಂದಿದ್ರೇನ್ರಿ?"

"ಹಲೋ? ಹಲೋ? ಲೈನ್ ಸರಿ ಇಲ್ಲ ಬಿಡ್ರಿ" ಎಂದು ಕಾಕಾ ಫೋನ್ ಇಟ್ಟುಬಿಟ್ಟರು. ಲೈನಿಗೇನಾಗಿತ್ತು ಧಾಡಿ! ಆ ಹುಡುಗಿಯ ಮಾತು ನನಗೂ ಕೇಳುತ್ತಿತ್ತು.

ಮಳೆಗಾಲದಲ್ಲಿ ಕಾಕಾಗೆ ಜ್ವರ ಬಂತು. ಏಳಲಾಗದೆ ಬಿದ್ದುಕೊಂಡರು. ಕೀಲಿ ಹಾಕುವವರು ಯಾರು? ಮಧ್ಯಾಹ್ನ ಭಾಭಿ ನನಗೆ ಕಾಕಾನ ಮೊಬೈಲಿಂದಲೇ ಫೋನ್ ಮಾಡಿದರು: "ನಿಮ್ಮ ಕಾಕಾ ಇವತ್ತ ಡ್ಯೂಟಿಗೆ ಹೋಗಿಲ್ಲ, ಬಾಗಲಕ್ಕ ಕೀಲೀನೂ ಇಲ್ಲ. ಏನೋ ಆಗೇತಂತ ಎದಿ ಝಲ್ ಅಂತು. ಹಿಂದಿನ ಬಾಗಲಾ ದೂಡಿ ಒಳಗ ಬಂದೇನಿ. ಲಗೂನ ಬಾ."

ಹೋಗಿ ನೋಡಿದರೆ ಮುಂಬಾಗಿಲು ತೆರೆದಿತ್ತು. ಭಾಭಿ ಗಂಜಿ ಆರಿಸುತ್ತಿದ್ದರು. ಪಕ್ಕದ ಮನೆಯವರು ಡಾಕ್ಟರನ್ನು ಕರೆತರಲು ಹೋಗಿದ್ದರು. ಕಾಕಾ ಮಾತ್ರ ಗೋಡೆಗೆ ಒರಗಿ, ಕಂಪನಿಯ ಆ ಹುಡುಗಿಗೆ ಫೋನ್ ಹಚ್ಚಿದ್ದರು.

"ತಂಗೀ, ಆವತ್ತ ಕೇಳಿದ್ಯಲ್ಲವಾ, ಮನಿಗೆ ಯಾರರೆ ಬಂದಿದ್ರೇನಂತ? ಬಂದಾರ, ಬರ್ಕೋ."

"ಆ ಸರ್ವೇ ಮುಗದ ಹೋತಲ್ರಿ ಸರ್."

"ಮುಗೀಲಿ" ಎಂದರು ಕಾಕಾ. ಕಣ್ಣು ತುಂಬಿದ್ದವು. "ನೀ ಬರ್ಕೋ ತಂಗೀ. ಇನ್ನೂ ಇಲ್ಲೇ ಅದಾರ."