ಬ್ಯಾನರಿನಿಂದ ಕೊಯ್ದ ‘ಬಟ್’

ಅಕ್ಕಲಕೋಟ ತಾಲೂಕಿನ ಆ ಕನ್ನಡ ಶಾಲೆಗೆ ಸೋಲಾಪುರದಿಂದ ಶಿಕ್ಷಣಾಧಿಕಾರಿಗಳು ಬರುವವರಿದ್ದರು. ಬೆಳಿಗ್ಗೆ ಬಾಗಿಲಲ್ಲಿ ಕಟ್ಟಿದ ಬ್ಯಾನರ್ ನೋಡಿದ್ದೇ ಇಂಗ್ಲಿಷ್ ಶಿಕ್ಷಕ ಅಂಬಾದಾಸನ ತಲೆ ಕೆಟ್ಟಿತು: ‘ಆಲ್ದೋ ಅವರ್ ಸ್ಕೂಲ್ ಈಸ್ ಸ್ಮಾಲ್, ಬಟ್ ಅವರ್ ಡ್ರೀಮ್ಸ್ ಆರ್ ಬಿಗ್.’

“ಹೆಡ್‌ಸರ, ಇದು ತಪ್ಪೈತ್ರಿ! ಸಾಲಿ ಸಣ್ಣದಿದ್ರೂ ಕನಸು ದೊಡ್ಡವು ಅನ್ನಾಕ ಆಲ್ದೋ ಒಂದ ಸಾಕು. ಮತ್ತ ಬಟ್ ಯಾಕ? ಒಂದ ಸೈಕಲ್ಲಿನ ಹ್ಯಾಂಡಲ್ ಇಬ್ರು ಹಿಡದಂಗಾತು.”

“ಎರಡಿದ್ರ ಗಟ್ಟಿ ಇರ್ತದ, ಬಿಡ್ರಿ,” ಎಂದರು ಮುಖ್ಯಾಧ್ಯಾಪಕ ಗುರುನಾಥರು. ವಾಕ್ಯ ಅವರದೇ.

ಶಾಲೆಯ ಇನ್ನೊಬ್ಬ ಇಂಗ್ಲಿಷ್ ಶಿಕ್ಷಕಿ ಶುಭಾಂಗಿ ನಡುವೆ ಬಾಯಿ ಹಾಕಿದರು. “ಆಲ್ದೋ ತಗದು ಡಿಸ್ಪೈಟ್ ಹಾಕ್ರಿ, ಭಾರಿ ಕಾಣ್ತದ.”

“ಡಿಸ್ಪೈಟ್ ಮುಂದ ಪೂರಾ ವಾಕ್ಯ ಬರಂಗಿಲ್ರಿ ಮೇಡಮ್!” ಅಂಬಾದಾಸ ಕಾದ ಬಾಣಲೆಯಂತೆ ಚಟಪಟ ಅಂದ. “ಇದ ತಪ್ಪಿಗೆ ಮಕ್ಕಳ ಮಾರ್ಕ್ಸ್ ಕಡದೀನಿ. ಈಗ ಈ ಬ್ಯಾನರಿನ ಕೆಳಗ ನಿಂತು ಹ್ಯಾಂಗ ಮಾರಿ ತೋರಸ್ಲಿ? ನಾ ನಿಂದ್ರಂಗಿಲ್ಲ!”

ಗುರುನಾಥರು ಚಹಾದ ವ್ಯವಸ್ಥೆಗೆ ಅತ್ತ ಹೋದದ್ದೇ ತಡ, ಅವನು ಕುರ್ಚಿ ಹತ್ತಿ, ಬ್ಲೇಡಿನಿಂದ ‘ಬಟ್’ ಅನ್ನು ಕೊಯ್ದೇಬಿಟ್ಟ. ಬ್ಯಾನರಿನ ಹಿಂದೆ ಸ್ಟೂಲಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ ಸಿಪಾಯಿ ಕಾಮಣ್ಣನ ಗಿರಿಜಾ ಮೀಸೆ ಆ ತೂತಿನಲ್ಲಿ ಸರಿಯಾಗಿ ಬಂದು ಕೂತಿತು. ಅಷ್ಟರಲ್ಲೇ ಜೀಪು ಬಂತು.

ಸಾಹೇಬರು ಇಳಿದರು. ತೂತು ನೋಡಿದರು. ಮೀಸೆ ನೋಡಿದರು.

“ಏನಿದು?”

ಓಡಿಬಂದ ಗುರುನಾಥರು ಅಂಬಾದಾಸನತ್ತ ಬೆರಳು ತೋರಿಸಿದರು. ಅವನು ಕುರ್ಚಿಯ ಮೇಲಿಂದಲೇ ಆಲ್ದೋ, ಬಟ್‌ಗಳ ಪಾಠ ಪೂರ್ತಿ ಒಪ್ಪಿಸಿದ. ಶುಭಾಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಶಾಬ್ಬಾಸ್!” ಎಂದರು ಸಾಹೇಬರು. “ಎಲ್ಲಾ ಸಾಲ್ಯಾಗ ಇದ ತಪ್ಪು ನೋಡಿ ಸಾಕಾಗಿತ್ತು. ತಿದ್ದೋ ಗಂಡಸು ಒಬ್ಬ ಸಿಕ್ಕ!”

ಅಂಬಾದಾಸನ ಎದೆ ಪೂರಿಯಂತೆ ಉಬ್ಬಿತು. ಗುರುನಾಥರ ಮುಖ ಇಳಿಯಿತು.

ಸಾಹೇಬರು ತಿದ್ದಿದ ವಾಕ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿದರು. ಹುಬ್ಬು ಮೇಲೇರಿತು.

“ವ್ಯಾಕರಣ ಬರೋಬ್ಬರಿ ಐತಿ. ಖರೆ, ಸಾಲಿ ಇಷ್ಟು ಸಣ್ಣದಿದ್ರ ಇಂಗ್ಲಿಷಿಗೆ ಇಬ್ರು ಯಾಕ್ರಿ? ಇಬ್ರೊಳಗ ಜೂನಿಯರ್ ಯಾರು?”

ಎಲ್ಲರ ಕಣ್ಣೂ ಕುರ್ಚಿಯತ್ತ ತಿರುಗಿದವು.

“ಮೈಂದರ್ಗಿ ಸಾಲ್ಯಾಗ ಜಾಗಾ ಖಾಲಿ ಐತಿ. ಸೋಮವಾರ ಅಲ್ಲಿ ಹಾಜರಾಗ್ರಿ.”

ಗುರುನಾಥರು ಈಗ ಚಹಾ ತರಿಸಲು ಹುರುಪಿನಿಂದ ಓಡಿದರು. ಅಂಬಾದಾಸ ಮಾತ್ರ ಕುರ್ಚಿಯಿಂದ ಇಳಿಯಲಿಲ್ಲ.

“ಹೋಗ್ತೀನ್ರೀ ಸಾಹೇಬ್ರ,” ಎಂದ ಗಟ್ಟಿಯಾಗಿ. “ಜೂನಿಯರ್ ಅಂತ ಹೋಗಾಕತ್ತೀನಿ, ತಪ್ಪು ಮಾಡಿ ಅಲ್ಲ. ಆರ್ಡರಿನ್ಯಾಗ ಅದನ್ನ ಬರೀರಿ. ಬರದಮ್ಯಾಗ ನನಗೊಮ್ಮೆ ತೋರಸ್ರಿ, ತಿದ್ದಿ ಕೊಡ್ತೀನಿ.”