ಮಾವನ ಕಂಪ್ಯೂಟರಿನ ಮಡಿ

ಡೊಂಬಿವಲಿಯ ನಮ್ಮ ಮಾವನ ಮನೆಯೊಳಗೆ ನೀವು ಚಪ್ಪಲಿ ಹಾಕಿಕೊಂಡೇ ನುಗ್ಗಿದರೂ ಅವರು ತುಟಿಪಿಟಕ್ಕೆನ್ನುವುದಿಲ್ಲ. ಆದರೆ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಹೊಸ್ತಿಲು ದಾಟಿ ನೋಡಿ!

"ಅದನ್ನು ಹೊರಗೆ ಚಪ್ಪಲಿ ಸ್ಟ್ಯಾಂಡಲ್ಲಿಟ್ಟು ಬನ್ನಿ ಮಾರಾಯ್ರೇ. ಎಲ್ಲೆಲ್ಲಿ ಹೊಕ್ಕು ಬಂದದ್ದೋ ಏನೋ!"

ಹೋಟೆಲಿನ ಅಡುಗೆಮನೆ ನೋಡಿಕೊಂಡು ನಿವೃತ್ತರಾದವರು. ನಾನು ಕೊಟ್ಟ ಹಳೆಯ ಕಂಪ್ಯೂಟರನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು, ಮಡಿಬಟ್ಟೆ ಹೊದಿಸಿ ಕಾಯುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆದರೆ ಕಾರಣ ನಮಗೂ ಗೊತ್ತಿತ್ತು. ಗಂಟಲಿನ ಆಪರೇಶನ್ ಆದಮೇಲೆ ಅತ್ತೆಗೆ ದನಿಯೇ ಹೊರಡುವುದಿಲ್ಲ. ಅದಕ್ಕೂ ಮೊದಲು ಮಾವ ರೆಕಾರ್ಡ್ ಮಾಡಿದ್ದ ಅತ್ತೆಯ ಭಜನೆಗಳು ಇದ್ದದ್ದು ಆ ಡಬ್ಬದೊಳಗೆ ಮಾತ್ರ.

ಹಾಗಾಗಿ ಶತ್ರುಗಳ ಕುಲಗೋತ್ರವೆಲ್ಲ ಮಾವನಿಗೆ ಬಾಯಿಪಾಠ.

"ವೈರಸ್ ಅಂದ್ರೆ ಹಳಸಿದ ಹಿಟ್ಟು. ಒಂದು ಸೌಟು ಬಿದ್ರೆ ಇಡೀ ಪಾತ್ರೆ ಹೋಯ್ತು! ವರ್ಮ್ ಅಂದ್ರೆ ಇರುವೆ. ಯಾರೂ ಕರೀಬೇಕೂಂತಿಲ್ಲ, ಡಬ್ಬದಿಂದ ಡಬ್ಬಕ್ಕೆ ತಾನೇ ಹೋಗ್ತದೆ."

"ಟ್ರೋಜನ್?"

"ನೆಂಟನ ಹಾಗೆ ಬಂದು, ಹಿತ್ತಿಲ ಬಾಗಿಲು ತೆಗೆದು ಕಳ್ಳರನ್ನು ಕರೆಯುವವ."

"ಸ್ಪೈವೇರ್?"

ಮಾವ ದನಿ ತಗ್ಗಿಸಿ ಬಾಗಿಲಿನತ್ತ ಬೆರಳು ಮಾಡಿದರು. "ಎದುರುಮನೆ ಮರಾಠಿ ಕಾಕೂ! ನಮ್ಮಲ್ಲಿ ಇವತ್ತು ಎಂಥ ಪಲ್ಯ ಅಂತ ನನಗಿಂತ ಮೊದಲು ಅವಳಿಗೆ ಗೊತ್ತು."

ಇಂಥ ಪಂಡಿತರಿಂದ ಒಂದು ಭಾನುವಾರ ಫೋನು. "ಬೇಗ ಬಾ ಮಾರಾಯ್ತಿ! ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿದೆ. ಅವಳ ಹಾಡು ಕಾಣುದೇ ಇಲ್ಲ!"

ಸಾನಪಾಡಾದ ನನ್ನ ಮನೆಯಿಂದ ಹೊರಟು, ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಎದ್ದೆನೋ ಬಿದ್ದೆನೋ ಎಂದು ಓಡಿದೆ. ಮಾವ ಸ್ಟೂಲಿನ ಮೇಲೆ ತಲೆತಗ್ಗಿಸಿ ಕೂತಿದ್ದರು. ಅತ್ತೆ ಅವರ ಬೆನ್ನು ಸವರುತ್ತಿದ್ದರು.

"ಯಾರ ಪೆನ್‌ಡ್ರೈವ್ ಹಾಕಿದಿರಿ?"

"ಯಾರದ್ದೂ ಇಲ್ಲ. ನಮ್ಮದೇ!"

ವಿಷಯ ಇಷ್ಟು: ಭಜನೆಗಳ ಇನ್ನೊಂದು ಪ್ರತಿ ಇರಲಿ ಎಂದು ಪೆನ್‌ಡ್ರೈವ್‌ಗೆ ತುಂಬಿಸಿ, ಸಿ.ಡಿ. ಮಾಡಿಸಲು ಸ್ಟೇಶನ್ ಹತ್ತಿರದ ಸೈಬರ್ ಕೆಫೆಗೆ ಹೋಗಿದ್ದರು. ಅಲ್ಲಿ ಸಿ.ಡಿ. ಆಗಲಿಲ್ಲ. ತಿರುಗಿ ಬಂದು ಅದೇ ಪೆನ್‌ಡ್ರೈವನ್ನು ಇಲ್ಲಿ ಚುಚ್ಚಿದ್ದಾರೆ!

"ಊರವರದ್ದೆಲ್ಲ ಚಪ್ಪಲಿ ಸ್ಟ್ಯಾಂಡಿಗೆ, ಇದು ಮಾತ್ರ ಒಳಗೆ ಹೇಗೆ ಬಂತು ಮಾವ?"

"ಮನೆಯದ್ದೇ ಅಲ್ವಾ? ಅದಕ್ಕೆ ಎಂಥ ಮೈಲಿಗೆ? ಸಾಲದ್ದಕ್ಕೆ ನಾನು ಸ್ನಾನ ಮಾಡಿಯೇ ಹಾಕಿದ್ದು!"

ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಮಧ್ಯಾಹ್ನವಿಡೀ ಕೂತು ಡಬ್ಬ ತೊಳೆದೆ. ಪುಣ್ಯಕ್ಕೆ ವೈರಸ್ಸು ಹಾಡುಗಳನ್ನು ತಿಂದಿರಲಿಲ್ಲ, ಅಡಗಿಸಿಟ್ಟಿತ್ತಷ್ಟೆ. ಫೋಲ್ಡರು ಮತ್ತೆ ಕಾಣಿಸಿದಾಗ ಮಾವ ಮೌಸ್ ಹಿಡಿದು ಒಂದು ಹಾಡನ್ನು ಒತ್ತಿದರು.

ಅತ್ತೆಯ ಹಾಡು ಶುರುವಾಯಿತು. ಸ್ವಲ್ಪ ಎಳೆದ ರಾಗ, ಹಿಂದಿನಿಂದ ಕುಕ್ಕರಿನ ಸೀಟಿ, ಹಾಡು ಅಲ್ಲಿಗೇ ನಿಂತು ಬೈಗುಳ: "ಸಾಕು, ಬಂದ್ ಮಾಡಿ ಮಾರಾಯ್ರೇ! ಕುಕ್ಕರ್ ಕೂಗ್ತಾ ಉಂಟು, ಕೇಳುದಿಲ್ವಾ ನಿಮಗೆ?"

ಮಾವ ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಂಡು ಕಂಪ್ಯೂಟರಿಗೇ ಉತ್ತರ ಕೊಟ್ಟರು. "ಕೇಳ್ತದೆ ಮಾರಾಯ್ತಿ, ಕೇಳ್ತದೆ."

ಪಕ್ಕದಲ್ಲೇ ನಿಂತಿದ್ದ ಅತ್ತೆ ಸದ್ದಿಲ್ಲದೆ ನಕ್ಕರು. ಆಮೇಲೆ ಮಾವನ ಕೈ ಹಿಡಿದು ಮೌಸಿನ ಮೇಲಿಟ್ಟು, ಇನ್ನೊಮ್ಮೆ ಹಾಕಿ ಎಂದು ಸನ್ನೆ ಮಾಡಿದರು.